ಸೊಂಟಕ್ಕೆ ಬಲ ಬೇಡಿದವಳು

ಶಹಾಬಾದಿನಲ್ಲಿ ನಮ್ಮ ಪಕ್ಕದ ಮನೆಯಾಕೆಯ ಪ್ರಾರ್ಥನೆ ಬಲು ಚಿಕ್ಕದು, ಮಕ್ಕಳೇ. ಲಕ್ವಾ ಹೊಡೆದು ಮಲಗಿದ ಗಂಡನನ್ನು ಎತ್ತಿ ಕೂರಿಸುವ ಮುಂಚೆ ಸೆರಗನ್ನು ನಡುವಿಗೆ ಬಿಗಿದು, "ಯೇಸಪ್ಪಾ, ಸೊಂಟಕ್ಕ ಬಲ ಕೊಡು" ಎನ್ನುತ್ತಿದ್ದಳು. ಅಷ್ಟೇ. ಗಂಡ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಹೊತ್ತು ಬೆಳೆದ ಆಳು. ಮಲಗಿದರೂ ತೂಕ ಇಳಿದಿರಲಿಲ್ಲ.

ನಮ್ಮ ಸಭೆಯವರ ಪ್ರಾರ್ಥನೆ ಮಾತ್ರ ಗೂಡ್ಸ್ ಗಾಡಿಯಷ್ಟು ಉದ್ದ. ಶುಕ್ರವಾರ ಅವಳ ಮನೆಯಲ್ಲಿ ಕೂಟ ಸೇರಿ, ಹಾಡಿ, ಅತ್ತು, ಅವಳೇ ಕರಿದ ಭಜಿ ತಿಂದು, "ದೇವರು ಪಾರು ಮಾಡ್ತಾನವಾ" ಎಂದು ಧೈರ್ಯ ಹೇಳಿ ಹೋಗುವರು. ಅವಳಿಗೆ ಧೈರ್ಯ ಕಡಿಮೆಯಾದದ್ದನ್ನು ನಾನಂತೂ ಕಾಣೆ.

ಒಂದು ಶುಕ್ರವಾರ ಪಾಸ್ಟರ್ ಕಣ್ಣು ಮುಚ್ಚಿ, "ಕರ್ತನೇ, ಈ ಸಹೋದರಿಯ ಹೊರೆಯನ್ನು ಬೇಗ ಇಳಿಸು" ಎಂದರು. ನಾವೆಲ್ಲ ಆಮೆನ್ ಎನ್ನುವುದರೊಳಗೆ ಅವಳು ಕಣ್ಣು ತೆರೆದಳು.

"ತಡೀರಿ ಪಾಸ್ಟರ್ರೇ. ನನ್ನ ಹೊರಿ ಅಂದ್ರ ಇವನೇ ಅಲ್ರೀ? ಎಲ್ಲಿ ಇಳಸ್ಬೇಕಂತೀರಿ, ಮಣ್ಣಾಗ? ನನಗ ಇವ ಬೇಕ್ರಿ. ಸೊಂಟಕ್ಕ ಬಲ ಕೊಡಂತ ಬೇಡ್ರಿ."

ಮಂಚದ ಮೇಲಿಂದ ಗಂಡ ಸೊಟ್ಟ ಬಾಯಲ್ಲಿ, "ಭಾಳ ಉಪಕಾರ ಆಯ್ತು" ಎಂದ.

ಪಾಸ್ಟರ್ ಹಾಗೆಯೇ ಬೇಡಿದರು. ಆಮೆನ್ ಆದೊಡನೆ ಅವಳು ಸೆರಗು ಬಿಗಿದು, "ಬಲ ಬಂದದ್ರಿ. ಹಾಸಿಗಿ ಬದಲಿ ಮಾಡಬೇಕು, ಬರ್ರಿ. ನೀವು ಕಾಲು ಹಿಡೀರಿ" ಎಂದಳು. ಪಾಸ್ಟರ್ ಕಾಲು ಹಿಡಿದರು. ಆವತ್ತು ಭಜಿ ತಡವಾಯಿತು.

ಈಗ ಯಾರಾದರೂ, "ನಿಮಗಾಗಿ ಪ್ರಾರ್ಥನೆ ಮಾಡ್ತೀವಿ" ಎಂದರೆ ನಾನು ಮೊದಲು ಅವರ ತೋಳು ನೋಡುತ್ತೇನೆ.