ಹುಳು ಎದ್ದ ವಾರ ಬಂದ ಸೂಜಿ

ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ವೇಮಗಲ್ ಕಡೆಯಿಂದ ಆರೋಗ್ಯ ಇಲಾಖೆಯವರೊಬ್ಬರು ಸೈಕಲ್ಲಿನಲ್ಲಿ ನಮ್ಮೂರಿಗೆ ಬಂದು ಕಾಲರಾ ಸೂಜಿ ಹಾಕುತ್ತಿದ್ದರು. ಇದು ಎಪ್ಪತ್ತರ ದಶಕದ ಮಾತು. ನಾನಾಗ ಹೊಸ ಸೊಸೆ. ಗಂಡ ಮಾಲೂರಿನಲ್ಲಿ ಹೆಂಚಿನ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ಇದ್ದದ್ದು ಅತ್ತೆ, ನಾನು, ಮತ್ತೆ ರೇಷ್ಮೆ ಹುಳು.

ಸೂಜಿ ಹಾಕಿಸಿಕೊಂಡರೆ ತೋಳು ಊದಿ, ಮೈ ಕಾದು, ಒಂದೆರಡು ದಿನ ಏಳುವುದಕ್ಕಾಗುತ್ತಿರಲಿಲ್ಲ. ಆ ವರ್ಷ ಸೂಜಿಯವರು ಬಂದಾಗ ನಮ್ಮ ಹುಳು ಕೊನೆಯ ಜ್ವರದಿಂದ ಎದ್ದಿದ್ದವು. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಕೊನೆಯ ಸಲ ಎದ್ದ ಮೇಲೆ ಗೂಡು ಕಟ್ಟುವ ತನಕ ಅವುಗಳ ಬಾಯಿ ನಿಲ್ಲುವುದಿಲ್ಲ. ಎಷ್ಟು ಹಿಪ್ಪುನೇರಳೆ ಸೊಪ್ಪು ಹೊತ್ತು ತಂದರೂ ಸಾಲದು.

"ಈ ಸಲ ಬ್ಯಾಡ ಕಣೇ," ಅಂದರು ಅತ್ತೆ. "ನೀನು ಮಲಗಿದ್ರೆ ಸೊಪ್ಪು ಯಾರು ತರ್ತಾರೆ?"

"ಪಕ್ಕದೂರಲ್ಲಿ ವಾಂತಿಭೇದಿ ಶುರುವಾಗೈತಂತೆ ಅತ್ತೆ."

"ಹುಳು ಹಣ್ಣಾಗಿ ಗೂಡು ಕಟ್ಟೋವರ್ಗೂ ತಡ್ಕೋ."

"ಸೂಜಿಯವ್ರು ಕಾಯಲ್ಲ. ನಾಳೆ ಬೇರೆ ಕಡೆ ಹೋಗ್ತಾರಂತೆ."

ಅತ್ತೆ ಸೊಪ್ಪಿನ ಹೊರೆ ಇಳಿಸಿ ಗೋಡೆಗೆ ಒರಗಿದರು. ಅವರು ಶ್ರೀನಿವಾಸಪುರದ ಕಡೆಯವರು, ತೀರಾ ಸುಸ್ತಾದಾಗ ಬಾಯಿಗೆ ತೆಲುಗೇ ಬರುತ್ತಿತ್ತು. "ನಾ ವಲ್ಲ ಕಾದಮ್ಮಾ," ಅಂದರು. ನನ್ನ ಕೈಲಾಗಲ್ಲ ಅಂತ. ಸೂಜಿಗೆ ಅಂದರೋ, ಸೊಪ್ಪಿಗೆ ಅಂದರೋ, ನಾನು ಕೇಳಲಿಲ್ಲ.

ನನಗೆ ಕಾಲರಾದ ಭಯವಿತ್ತು. ಅದಕ್ಕಿಂತ ಹೆಚ್ಚಾಗಿ ಆ ಜ್ವರವೇ ಬೇಕಾಗಿತ್ತು. ಜ್ವರ ಬಂದರೆ ಮಲಗಬಹುದು. ಹಗಲು ಹೊತ್ತಿನಲ್ಲಿ ಮಲಗುವುದಕ್ಕೆ ಆ ಮನೆಯಲ್ಲಿ ಬೇರೆ ಕಾರಣವೇ ಇರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅತ್ತೆಯೇ ಹೇಳಿದರು: "ಇಬ್ರೂ ಮಲಗಕ್ಕಾಗಲ್ಲ. ನೀನು ಹೋಗಿ ಹಾಕಿಸ್ಕೊಂಡು ಬಾ."

"ನಿಮಗೆ?"

"ನಂಗೆ ಬರೋ ವರ್ಷ."

ಹೋಗಿ ತೋಳು ಕೊಟ್ಟೆ. ಸಂಜೆಗೆಲ್ಲ ಮೈ ಕೆಂಡವಾಯಿತು. ಚಾಪೆಯ ಮೇಲೆ ಕಾಲು ಚಾಚಿದಾಗ ಆದ ಸುಖ ಇವತ್ತಿಗೂ ನೆನಪಿದೆ. ಆದರೆ ಅದು ಬಹಳ ಹೊತ್ತು ಉಳಿಯಲಿಲ್ಲ. ಅತ್ತೆ ಹೊರೆ ದೊಪ್ಪನೆ ಹಾಕುವುದು, ಹುಳುವಿನ ತಟ್ಟೆ ಎಳೆಯುವುದು, ಮತ್ತೆ ತೋಟಕ್ಕೆ ಹೊರಡುವುದು, ಒಂದೊಂದೂ ಕಿವಿಗೆ ಬೀಳುತ್ತಿತ್ತು. ಆಸೆಪಟ್ಟ ನಿದ್ದೆ ಬರಲೇ ಇಲ್ಲ.

ಮಾರನೆಯ ಮಧ್ಯಾಹ್ನ ಗೋಡೆ ಹಿಡಿದು ಎದ್ದು ನೋಡಿದರೆ, ಅತ್ತೆ ತಟ್ಟೆಗಳ ಪಕ್ಕ ಕೂತಲ್ಲೇ ನಿದ್ದೆ ಹೋಗಿದ್ದರು. ಮಡಿಲ ತುಂಬ ಸೊಪ್ಪು. ಅದನ್ನು ಮೆಲ್ಲಗೆ ತೆಗೆದುಕೊಂಡು ಒಂದು ಕೈಯಲ್ಲೇ ಹುಳುಗಳ ಮೇಲೆ ಹರಡತೊಡಗಿದೆ. ಇನ್ನೊಂದು ತೋಳು ಎತ್ತುವುದಕ್ಕಾಗುತ್ತಿರಲಿಲ್ಲ.

ಅವರು ಕಣ್ಣು ಬಿಟ್ಟು ಕೇಳಿದರು: "ಚೆನ್ನಾಗಿ ಮಲಗಿದ್ಯಾ?"

"ಹೂಂ," ಅಂದೆ. "ನೀವು ಇನ್ನೊಂದು ಗಳಿಗೆ ಮಲಗಿ."

ಅವರು ಮತ್ತೆ ಕಣ್ಣು ಮುಚ್ಚಿದರು. ಆ ಸಲ ಗೂಡು ಸುಮಾರಾಗಿ ಬಂತು. ಕಾಲರಾ ನಮ್ಮೂರಿನ ತನಕ ಬರಲಿಲ್ಲ.