ನೊಣ ಹಿಡಿಯುವ ಗಿಡಕ್ಕೆ ಸೋಸಿದ ನೀರು

ಈ ಅಂಕಣದಲ್ಲಿ ಬನಹಟ್ಟಿ ರಸ್ತೆಯ ಧೂಳಿನ ಬಗ್ಗೆ ಬರೆದೆ. ಕಬ್ಬಿನ ಟ್ರ್ಯಾಕ್ಟರುಗಳ ಬಗ್ಗೆ ಬರೆದೆ. ಇದೊಂದನ್ನು ಬರೆಯದೇ ಮುಂದೂಡಲು ಏನೇನೆಲ್ಲ ಬರೆದೆ ನೋಡಿ!

ಸೊಸೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಮಕ್ಕಳಿಗೆ ತೋರಿಸಲೆಂದು ನೊಣ ಹಿಡಿಯುವ ಗಿಡವೊಂದನ್ನು ತರಿಸಿದಳು. ಬಾಯಿ ತೆರೆದಂಥ ಪುಟ್ಟ ಎಲೆಗಳು. ನೊಣ ಕೂತಿತೋ, ಮುಚ್ಚಿದವು. ನಮ್ಮದು ಜೈನರ ಮನೆ. ಸೂರ್ಯ ಮುಳುಗುವ ಮೊದಲೇ ಊಟ. ಕುಡಿಯುವ ನೀರನ್ನೂ ಬಟ್ಟೆಯಲ್ಲಿ ಸೋಸಬೇಕು. ಅಂಥಲ್ಲಿ ಜೀವ ತಿನ್ನುವ ಗಿಡವೇ?

ತವರಿಗೆ ಹೊರಟಾಗ ಅತ್ತೆಗೆ, ಅಂದರೆ ನನ್ನ ಹೆಂಡತಿಗೆ, ಹೇಳಿದಳು (ನಮ್ಮ ಮನೆಯಲ್ಲಿ ಮಾವನಿಗೆ ಹೇಳಬೇಕಾದ್ದೂ ಅತ್ತೆಯ ಮುಖಾಂತರವೇ): "ಅತ್ತಿ, ಕುಂಡದ ಕೆಳಗಿನ ತಾಟಿನ್ಯಾಗಿನ ನೀರ ಬತ್ತಾಕ ಬಂದಾಗಷ್ಟ ಹಾಕ್ರಿ. ಬಾಟ್ಲಿಯೊಳಗಿನ ಮಳಿ ನೀರ. ಬೋರಿಂದು ಬ್ಯಾಡ, ಸವಳು ಅದಕ್ಕ ಆಗಂಗಿಲ್ಲ."

ನನಗೂ ಕೇಳಿಸಿತ್ತು. ಆದರೆ ಎಂದೋ ತುಂಬಿಟ್ಟ ಮಳೆನೀರಿಗಿಂತ ನಾನು ಸೋಸಿದ ಬೋರಿನ ನೀರು ಶುದ್ಧವಲ್ಲವೇ? ದಿನಾ ಸ್ನಾನವಾದ ಮೇಲೆ ಒಂದು ತಂಬಿಗೆ ಸುರಿದೆ. ಹೊಟ್ಟೆ ತುಂಬಿದರೆ ನೊಣದ ಆಸೆ ಬಿಟ್ಟೀತು ಎಂದುಕೊಂಡೆ.

"ಗಿಡಕ್ಕೂ ವ್ರತಾ ಹಿಡಸಾಕತ್ತೀರೇನ್ರಿ?" ಎಂದು ಹೆಂಡತಿ ನಕ್ಕಳು.

ಬಟ್ಟೆ ಹುಳವನ್ನು ತಡೆದೀತು, ಉಪ್ಪನ್ನು ತಡೆದೀತೇ? ಗಿಡ ಕಪ್ಪಾಗಿ ಬಾಗಿತು.

ಮರಳಿ ಬಂದ ಸೊಸೆ ಮೊದಲ ಸಲ ನನ್ನನ್ನೇ ನೇರವಾಗಿ ಕೇಳಿದಳು: "ಮಾವಾರ, ಯಾವ ನೀರ ಹಾಕಿದ್ರಿ?"

"ನೀ ಇಟ್ಟಿದ್ದ. ಬಾಟ್ಲಿದು," ಎಂದೆ.

ಹೆಂಡತಿ ನನ್ನ ಮುಖ ನೋಡಿ ಒಳಗೆ ಹೋದಳು.

"ಹಂಗಾರ ನಾ ತುಂಬಿಟ್ಟ ನೀರ ಕೆಟ್ಟಿರಬೇಕು, ನಂದ ತಪ್ಪಾತು ಬಿಡ್ರಿ." ಬಾಟಲಿಯಲ್ಲಿ ಎಷ್ಟಿದೆ ಎಂದೂ ನೋಡದೆ ಸೊಸೆ ಮಳೆನೀರನ್ನೆಲ್ಲ ಬಚ್ಚಲಿಗೆ ಸುರಿದಳು. ಮರುದಿನ, ಗಿಡ ನೋಡಲು ಕಾದಿದ್ದ ಮಕ್ಕಳೆದುರು, ತನಗೇ ಅದನ್ನು ಸಾಕಲು ಬರಲಿಲ್ಲ ಎಂದು ಹೇಳಿದಳಂತೆ. ಆಮೇಲೆ ಮನೆಗೆ ಒಂದು ಕುಂಡವನ್ನೂ ತಂದಿಲ್ಲ.

ನೀರು ಯಾವಾಗ ಬೇಕೆಂದು ಗಿಡದ ತಾಟು ನೋಡಿದ್ದರೆ ತಿಳಿಯುತ್ತಿತ್ತು. ನಾನು ನೋಡಿದ್ದು ನನ್ನ ಸ್ನಾನದ ಹೊತ್ತನ್ನು. ನಮ್ಮ ಎಷ್ಟೋ ಉಪಕಾರಗಳು ಹೀಗೆಯೇ, ಅಲ್ಲವೇ?

ಅದಾದ ಮೇಲೆ ಕ್ಷಮಾವಣಿ ಬಂತು. ತಿಳಿದೋ ತಿಳಿಯದೆಯೋ ನೋಯಿಸಿದ್ದಕ್ಕೆ ಎಲ್ಲರ ಕ್ಷಮೆ ಕೇಳುವ ದಿನ. ಬಸದಿಯಲ್ಲಿ ಕಂಡವರಿಗೆಲ್ಲ ಕೈ ಮುಗಿದೆ. ಜಮಖಂಡಿಯ ಬೀಗರಿಗೆ ಫೋನ್ ಮಾಡಿದೆ. ಮುಖ ಮರೆತವರಿಗೂ ವಾಟ್ಸಾಪಿನಲ್ಲಿ ಕಳಿಸಿದೆ.

ಪಕ್ಕದ ಕೋಣೆಯಲ್ಲೇ ಇದ್ದ ಒಬ್ಬಳಿಗೆ ಮಾತ್ರ ಹೇಳಲಿಲ್ಲ: ನಮ್ಮ ಸೊಸೆ, ತ್ರಿಶಲಾ.