ಹಸಿರು ಲಂಗದ ಎಣ್ಣೆ ಕಲೆ

ಭಾನುವಾರ, ಬೆಳಿಗ್ಗೆ ಆರೂವರೆ. ವಿಜಯನಗರದ ನಮ್ಮ ಮನೆಯ ಊಟದ ಮೇಜಿನ ಮುಂದೆ ಇದ್ದವರು ಇಬ್ಬರು, ನಾನು ಮತ್ತು ಸೊಸೆ ಚೈತ್ರಾ. ನನ್ನ ಮೊದಲ ಕಾದಂಬರಿಯ ಒಂದೊಂದು ಕಂತನ್ನು ಪ್ರತಿ ಭಾನುವಾರ ಹತ್ತು ಗಂಟೆಗೆ ಅಂತರ್ಜಾಲದಲ್ಲಿ ಹಾಕುತ್ತೇನೆ. ನಿವೃತ್ತಿಯಾದ ಮೇಲೂ ಶಾಲೆಯ ಗಂಟೆಗೇ ನಡೆಯುವವಳು ನಾನು. ಆರು ವಾರ ಒಂದು ನಿಮಿಷವೂ ತಪ್ಪಿರಲಿಲ್ಲ. ಏಳನೆಯದೂ ಸಿದ್ಧವಿತ್ತು. ತೊಂದರೆ ಬಂದದ್ದು ಆರನೆಯದರಿಂದ.

ಆಗಿನ ರಾಜಾಜಿನಗರದ ವಠಾರಗಳಲ್ಲಿ ಬೇಸಿಗೆ ಎಂದರೆ ಉದ್ದಿನ ಹಪ್ಪಳ. ಇಂಗು, ಮೆಣಸು, ಒನಕೆಯಲ್ಲಿ ಕುಟ್ಟಿದ ಹಿಟ್ಟಿಗೆ ಸವರಿದ ಎಣ್ಣೆ, ಆ ವಾಸನೆ ನಿಮ್ಮಲ್ಲೂ ಹಲವರಿಗೆ ನೆನಪಿರಬಹುದು. ದಿನಕ್ಕೊಂದು ಮನೆಯ ಹಪ್ಪಳ. ಎಲ್ಲ ಹೆಂಗಸರೂ ತಂತಮ್ಮ ಮಣೆ, ಲಟ್ಟಣಿಗೆ ಹಿಡಿದು ಆ ಮನೆಗೆ ಬರುತ್ತಿದ್ದರು. ಮಕ್ಕಳಿಗೆ ಬಿಸಿಲಲ್ಲಿ ಹರವುವ ಕೆಲಸ, ಕೂಲಿ ಒಂದು ಹಸಿ ಹಿಟ್ಟಿನ ಉಂಡೆ. ಹತ್ತು ತುಂಬಿದ ಹುಡುಗಿಯರಿಗೆ ಮಾತ್ರ ಲಟ್ಟಣಿಗೆ ಸಿಗುತ್ತಿತ್ತು. ಆ ವರ್ಷ ನನಗೂ ಪಕ್ಕದ ಮನೆಯ ಪದ್ಮಳಿಗೂ ಹತ್ತು.

ಅವತ್ತು ಪದ್ಮಳ ಮನೆಯ ಸರದಿ. ದೊಡ್ಡವರು ಊಟಕ್ಕೆ ಎದ್ದಾಗ ಹಿಟ್ಟಿಗೆ ಮುಚ್ಚಿದ್ದ ಒದ್ದೆ ಬಟ್ಟೆ ಸರಿಸಿ ಐದಾರು ಉಂಡೆ ನುಂಗಿದೆ. ಜಿಡ್ಡಾದ ಕೈಯನ್ನು, ಗೋಡೆಗೊರಗಿ ನಿದ್ದೆಹೋಗಿದ್ದ ಪದ್ಮಳ ಹಸಿರು ಲಂಗಕ್ಕೆ ಒರೆಸಿದೆ. ಅವಳ ಅಮ್ಮ ಕಲೆ ನೋಡಿದರು.

"ಮನೆ ಮಗಳೇ ಕದ್ರೆ ಬಂದೋರಿಗೆ ಏನಂತ ಹೇಳ್ಲಿ? ಈ ವರ್ಷ ನೀನು ಲಟ್ಟಣಿಗೆ ಮುಟ್ಟಬೇಡ."

ಪದ್ಮ ಅಳುತ್ತಾ ನಿಂತಳು. ನಾನು ಹಪ್ಪಳ ತಿರುವಿ ಹಾಕಲು ಹೋದೆ.

ಆರನೆಯ ಕಂತಿನಲ್ಲಿ ಇದನ್ನು ಬರೆಯುವಾಗಲೂ ಕಳ್ಳತನವನ್ನು ಪಕ್ಕದ ಮನೆಯ ಹುಡುಗಿಯ ಮೇಲೆಯೇ ಹೊರಿಸಿದ್ದೆ. ಕಥೆಗೆ ಹಾಗೇ ಚೆಂದ ಎಂದು ಸಮಾಧಾನ ಮಾಡಿಕೊಂಡಿದ್ದೆ. ಹೆಸರು ಬದಲಾಯಿಸಿದ್ದೆ, ಲಂಗದ ಬಣ್ಣ ಬದಲಾಯಿಸಿರಲಿಲ್ಲ. "ಕಳ್ಳಿ ಕ್ಯಾರೆಕ್ಟರ್ ಸೂಪರ್ ಆಂಟಿ" ಎಂದು ಓದುಗರು ನಕ್ಕಿದ್ದರು. ಅವರ ಕಾಮೆಂಟುಗಳ ಕೆಳಗೆ ಆ ಬೆಳಿಗ್ಗೆ ಪದ್ಮಳ ಸಾಲು ಬಂದಿತ್ತು: "ಅವತ್ತೂ ನಾನೇ ಕಳ್ಳಿ, ಇವತ್ತೂ ನಾನೇನಾ ಸರಸು?"

"ಅತ್ತೆ, ಆ ಕಂತು ಡಿಲೀಟ್ ಮಾಡಿಬಿಡ್ಲಾ? ಎರಡು ಸೆಕೆಂಡ್ ಸಾಕು" ಎಂದಳು ಚೈತ್ರಾ.

"ಓದಿದೋರ ತಲೆಯಿಂದ ಡಿಲೀಟ್ ಆಗತ್ತೇನಮ್ಮ? ಫೋನ್ ಕೊಡು."

ಪದ್ಮ ಈಗ ಅನ್ನಪೂರ್ಣೇಶ್ವರಿ ನಗರದಲ್ಲಿದ್ದಾಳೆ. ಎರಡನೇ ರಿಂಗಿಗೇ ಎತ್ತಿಕೊಂಡಳು.

"ಏನ್ ಮೇಡಂ, ಸಿಕ್ಕಿಬಿದ್ರಾ?"

"ತಪ್ಪಾಯ್ತು ಕಣೇ. ನಾನೇ ಅಂತ ಯಾವಾಗ ಗೊತ್ತಾಯ್ತು?"

"ಅವತ್ತೇ. ನಿನ್ನ ಬಾಯಿ ಇಂಗಿನ ಡಬ್ಬಿ ಥರ ನಾರ್ತಿತ್ತು. ಅಮ್ಮಂಗೂ ಹೇಳ್ದೆ. 'ಸರಸು ಜಾಣೆ, ಅವಳ ಮೇಲೆ ಹಾಕ್ತೀಯಾ' ಅಂತ ಇನ್ನೊಂದು ಏಟು ಕೊಟ್ರು. ತೀರಿಹೋಗೋವರೆಗೂ ಅಮ್ಮ ಹಪ್ಪಳ ಕರಿದಾಗೆಲ್ಲ ಆ ಮಾತು ಎತ್ತೋರು."

"ನಿಜ ಬರೀತೀನಿ. ನಿನ್ನ ಹೆಸರು ಹಾಕ್ಲಾ?"

"ಹಾಕು. ಇನಿಷಿಯಲ್ ಸಮೇತ ಹಾಕು."

ಸಿದ್ಧವಿದ್ದ ಕಂತನ್ನು ಪಕ್ಕಕ್ಕಿಟ್ಟು ಹೊಸದಾಗಿ ಬರೆಯಲು ಕುಳಿತೆ. ಉಂಡೆ ತಿಂದವಳು ಯಾರು, ಕೈ ಒರೆಸಿದವಳು ಯಾರು, ಸುಮ್ಮನಿದ್ದವಳು ಯಾರು ಎಂದು ಮೊದಲ ಪ್ಯಾರಾದಲ್ಲೇ ಹೇಳಿದೆ. ಆ ದಿನಗಳಲ್ಲಿ ನಾಲ್ಕು ಹೆಜ್ಜೆ ನಡೆದು ಪಕ್ಕದ ಮನೆಯ ಬಾಗಿಲಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಈಗ ಅದೇ ಮಾತನ್ನು ಗುರುತಿಲ್ಲದ ಎಷ್ಟೋ ಜನ ಓದುತ್ತಾರೆ; ಕೇಳಬೇಕಾಗಿದ್ದ ಆ ತಾಯಿ ಮಾತ್ರ ಇಲ್ಲ.

ಚೈತ್ರಾ ಒಮ್ಮೆ ಓದಿ ತಲೆಯಾಡಿಸಿದಳು. ಹತ್ತು ಗಂಟೆಗೆ ಕಂತು ಹಾಕಿದೆ.